ವರ್ಷಕ್ಕೆ ಹತ್ತು ಸಾವಿರ

ಮೂವತ್ತು ಮಕ್ಕಳವರೆಗಿನ ಸರ್ಕಾರಿ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ನಿಗದಿಯಾಗಿರುವ ಶಾಲಾ ಅನುದಾನ ವರ್ಷಕ್ಕೆ 10,000 ರೂಪಾಯಿ. ಮಕ್ಕಳು ನೂರರವರೆಗಿದ್ದರೆ 25,000. ಸೀಮೆಸುಣ್ಣ, ಹಾಜರಿ ಪುಸ್ತಕ, ಪೊರಕೆ, ಫಿನಾಯಿಲ್, ಸೋರುವ ನಲ್ಲಿ, ಕೋತಿ ಒಡೆದ ಹೆಂಚು, ಮಕ್ಕಳ ಮಾಹಿತಿಯನ್ನು ಇಲಾಖೆಯ ಜಾಲತಾಣಕ್ಕೆ ಏರಿಸಲು ಹೋಬಳಿಯ ಸೈಬರ್ ಸೆಂಟರಿನವನಿಗೆ ಕೊಡುವ ದುಡ್ಡು, ಎಲ್ಲವೂ ಇದರಲ್ಲೇ ಆಗಬೇಕು. ಅದರಲ್ಲೂ ಹತ್ತರಲ್ಲೊಂದು ಪಾಲು ಸ್ವಚ್ಛತೆಗೆಂದು ಮೊದಲೇ ಮೀಸಲು. ಹತ್ತು ಸಾವಿರವನ್ನು ತಿಂಗಳಿಗೆ ಹಂಚಿದರೆ ಎಂಟುನೂರ ಮೂವತ್ಮೂರು ರೂಪಾಯಿ ಚಿಲ್ಲರೆ. ಬೆಂಗಳೂರಿನಲ್ಲಿ ಒಂದು ಮಗುವಿನ ಸ್ಕೂಲ್ ವ್ಯಾನಿಗೂ ಇದು ಸಾಲದು. ವಿದ್ಯುತ್ ಮತ್ತು ನೀರಿನ ಬಿಲ್ಲಿನ ಹೊರೆಯನ್ನು ರಾಜ್ಯ ಸರ್ಕಾರ ತಾನೇ ಹೊರುವುದಾಗಿ 2023ರ ರಾಜ್ಯೋತ್ಸವದ ದಿನ ಘೋಷಿಸಿತು. ಅಷ್ಟರಮಟ್ಟಿಗೆ ಹೆಡ್‌ಮಾಸ್ತರರು ಉಸಿರಾಡಿದರು.

ಶಾಲೆಗೆ ಹಣ ಕಡಿತ ಮಾಡಿದ್ದೇವೆಂದು ಯಾವ ಮುಖ್ಯಮಂತ್ರಿಯೂ ಬಜೆಟ್ ಭಾಷಣದಲ್ಲಿ ಹೇಳುವುದಿಲ್ಲ. ನಮ್ಮಲ್ಲಿ ಕಡಿತ ಸದ್ದಿಲ್ಲದೆ ಆಗುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಬಂತು. ಏಳನೆಯ ತರಗತಿಗೆ ಊರಿನ ಶಾಲೆ ಮುಗಿದು, ಹೈಸ್ಕೂಲು ಪಕ್ಕದ ಊರಲ್ಲಿದ್ದ ಹುಡುಗಿಯರ ಪಾಲಿಗೆ ಆ ಸೈಕಲ್ಲೇ ಓದು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಶಾಲೆಗಳು ಬಾಗಿಲು ತೆರೆದ ಮೇಲೂ ಸೈಕಲ್ ಬರಲಿಲ್ಲ. ಖಾಯಂ ಶಿಕ್ಷಕರು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ, ಬೇಸಿಗೆ ರಜೆ ಬಂದಾಗ ಅವರ ಗೌರವಧನ ನಿಲ್ಲುತ್ತದೆ. ವರ್ಷಾನುಗಟ್ಟಲೆ ಒಂದೇ ಊರಲ್ಲಿ ಪಾಠ ಮಾಡಿಯೂ ಅತಿಥಿಯಾಗಿಯೇ ಉಳಿಯುವ ವಿಚಿತ್ರ ನೌಕರಿ ಇದು.

ಬಿಸಿಯೂಟದ ಕೋಣೆಗೆ ಬನ್ನಿ. ಅಡುಗೆಯವರ ಗೌರವಧನಕ್ಕೆ ಕೇಂದ್ರದ ಯೋಜನೆ 2009ರಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ, ಅದರಲ್ಲೂ ಈಗ ನೂರಕ್ಕೆ ನಲವತ್ತು ಭಾಗ ರಾಜ್ಯದ್ದು. ಆಮೇಲೆ ಬೇಳೆಯ ದರ ಎಲ್ಲಿಗೋ ಹೋಯಿತು, ಈ ಸಾವಿರ ಅಲ್ಲೇ ನಿಂತಿತು. ರಾಜ್ಯ ತನ್ನ ಕೈಯಿಂದ ಸೇರಿಸುತ್ತ ಬಂದದ್ದರಿಂದ ಅಡುಗೆಯಾಕೆಯ ಕೈಗೆ ಒಂದಿಷ್ಟು ಹೆಚ್ಚು ಸೇರುತ್ತಿದೆ. ಈ ಹೆಂಗಸರು ಬೇರೆಲ್ಲಿಂದಲೋ ಬಂದವರಲ್ಲ, ಅದೇ ಊರಿನವರು, ಎಷ್ಟೋ ಮಂದಿ ಗಂಡನನ್ನು ಕಳೆದುಕೊಂಡವರು. ಮೊಟ್ಟೆಯ ಲೆಕ್ಕವೂ ಇಷ್ಟೇ. ಒಂದಕ್ಕೆ ಸರ್ಕಾರ ಕೊಡುತ್ತ ಬಂದದ್ದು ಆರು ರೂಪಾಯಿ. ಖರೀದಿ, ಸಾಗಾಟ, ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ, ಎಲ್ಲ ಸೇರಿ. ಚಳಿಗಾಲದಲ್ಲಿ ಪೇಟೆ ದರ ಏರಿತೋ, ಮಿಕ್ಕದ್ದು ಹೆಡ್‌ಮಾಸ್ತರರ ಜೇಬಿನಿಂದ. ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿರುವುದು ನಿಜ, ಆದರೆ ಅದರಲ್ಲಿ ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು.

ಸರ್ಕಾರ ಬಿಟ್ಟ ಜಾಗವನ್ನು ಊರು ತುಂಬುತ್ತದೆ ಎನ್ನುವವರು ಹರೇಕಳ ಹಾಜಬ್ಬರ ಹೆಸರು ಹೇಳುತ್ತಾರೆ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ತಮ್ಮೂರಿಗೆ ಶಾಲೆ ತಂದ ಆ ಹಿರಿಯರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಹಿಗ್ಗದವರಿಲ್ಲ. ಆದರೆ ಬುಟ್ಟಿ ಹೊತ್ತವನೊಬ್ಬ ಶಾಲೆ ಕಟ್ಟಬೇಕಾಗಿ ಬಂತಲ್ಲ ಎಂಬ ನಾಚಿಕೆ ಪ್ರಶಸ್ತಿ ಕೊಟ್ಟವರಿಗೆ ಆಗಬೇಕಿತ್ತು. ದಾನಿಗಳೂ ಎಲ್ಲೆಡೆ ಒಂದೇ ಸಮ ಇಲ್ಲ. ಅಡಿಕೆ, ಕಾಫಿ ಬೆಳೆಯುವ ಊರಿನ ಹಳೆ ವಿದ್ಯಾರ್ಥಿಗಳು ಶತಮಾನೋತ್ಸವ ಮಾಡಿ, ಗೋಡೆಗೆ ರೈಲಿನ ಚಿತ್ರ ಬಿಡಿಸಿ, ಸ್ಮಾರ್ಟ್ ಟಿವಿ ಕೊಡಿಸಬಲ್ಲರು. ಸುಗ್ಗಿ ಮುಗಿದೊಡನೆ ಅರ್ಧ ಊರೇ ಗುಳೆ ಹೋಗುವ ಯಾದಗಿರಿ, ರಾಯಚೂರಿನ ತಾಂಡಾಗಳಲ್ಲಿ ಕೊಡುವವರು ಯಾರು? ದೇಣಿಗೆಯನ್ನು ನೆಚ್ಚಿದ ಶಾಲೆ ಬಡವರ ಊರಲ್ಲಿ ಇನ್ನಷ್ಟು ಬಡವಾಗುತ್ತದೆ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಟಿತ್ತು. ಜನ ಎದ್ದು ನಿಂತರು, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ನೂರು ರೂಪಾಯಿ ಯಾವ ಖರ್ಚಿಗೆ ಬೇಕಾಗಿತ್ತೋ ಆ ಖರ್ಚು ಮಾತ್ರ ಹಾಗೇ ಇದೆ.

ಮೇಷ್ಟ್ರಿಲ್ಲ, ಗೋಡೆ ಬಿರುಕು, ಶೌಚಾಲಯಕ್ಕೆ ನೀರಿಲ್ಲ. ಇಂಥ ಶಾಲೆಯಿಂದ ತಾಯಂದಿರು ಮಕ್ಕಳನ್ನು ಬಿಡಿಸಿ, ಸಾಲ ಮಾಡಿ, ಹಳದಿ ವ್ಯಾನು ಹತ್ತಿಸುತ್ತಾರೆ. ದಾಖಲಾತಿ ಇಳಿಯುತ್ತದೆ. ದಾಖಲಾತಿಯೇ ಇಲ್ಲದ ಮೇಲೆ ಶಾಲೆ ಯಾಕೆ ಎಂದು ಕಡತ ಕೇಳುತ್ತದೆ. ಕಡಿಮೆ ಮಕ್ಕಳ ಕನ್ನಡ ಶಾಲೆಗಳನ್ನು ವಿಲೀನ ಮಾಡುವ ಮಾತು 2011ರಲ್ಲಿ ಬಂದಾಗ ಸಾಹಿತಿಗಳು ಬೀದಿಗಿಳಿದಿದ್ದರು. ಈಗ ಕರ್ನಾಟಕ ಪಬ್ಲಿಕ್ ಶಾಲೆ ಎಂಬ 500 ಹೊಸ ದೊಡ್ಡ ಶಾಲೆಗಳಿಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವು ಬರಲಿದೆ. ಸುತ್ತಲಿನ ಸಣ್ಣ ಶಾಲೆಗಳ ಗತಿಯೇನೆಂಬ ಆತಂಕ ಮತ್ತೆ ಎದ್ದಿದೆ. ಶಾಲೆ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳುತ್ತಿದೆ. ದೊಡ್ಡ ಶಾಲೆಗೆ ನಮ್ಮ ವಿರೋಧವಿಲ್ಲ. ವಿಷಯಕ್ಕೊಬ್ಬ ಶಿಕ್ಷಕರು, ಪ್ರಯೋಗಾಲಯ ಸಿಗುವುದಾದರೆ ಯಾರು ಬೇಡವೆಂದಾರು? ಆದರೆ ಒಂದರಿಂದ ಐದನೇ ತರಗತಿವರೆಗಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕಿನ ನಿಯಮ. ಆರು ವರ್ಷದ ಮಗುವನ್ನು ಹೆದ್ದಾರಿ ದಾಟಿಸಿ ಬಿಟ್ಟುಬರುವ ತಾಯಿಯ ಅರ್ಧ ದಿನದ ಕೂಲಿ ಯಾರ ಲೆಕ್ಕದಲ್ಲೂ ಇಲ್ಲ.

ಊರಿಗೆ ಶಾಲೆ ಬೇಕಾಗುವುದು ಪಾಠಕ್ಕೆ ಮಾತ್ರವಲ್ಲ. 2019ರ ನೆರೆಯಲ್ಲಿ ಕೃಷ್ಣಾ ತೀರದ ಜನ ದಿನಗಟ್ಟಲೆ ಉಳಿದದ್ದು ಶಾಲೆಗಳಲ್ಲಿ. 2020ರಲ್ಲಿ ಮುಂಬೈಯಿಂದ ಮರಳಿದ ಕೂಲಿಕಾರರನ್ನು ಕ್ವಾರಂಟೈನ್ ಮಾಡಿದ್ದೂ ಅಲ್ಲೇ. ಮತಗಟ್ಟೆ, ಪೋಲಿಯೊ ಹನಿ, ಗ್ರಾಮಸಭೆ ಎಲ್ಲಕ್ಕೂ ಊರಿಗೆ ಅದೊಂದೇ ಸೂರು. ಇನ್ನು ನಮ್ಮ ಸ್ವಾರ್ಥವನ್ನೂ ಹೇಳಿಬಿಡುತ್ತೇವೆ: ಈ ಪತ್ರಿಕೆಗೆ ಮೊದಲ ಕಥೆ ಕಳಿಸುವವರಲ್ಲಿ, ಚಂದಾ ತಪ್ಪದೆ ಕಟ್ಟುವವರಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳದೇ ದೊಡ್ಡ ಪಾಲು.

ಎಸ್‌ಡಿಎಂಸಿ ಎಂಬ ಊರವರದೇ ಸಮಿತಿ ಎಲ್ಲ ಸರ್ಕಾರಿ ಶಾಲೆಗಳಲ್ಲಿದೆ, 2001ರಿಂದಲೂ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ನೀವು ಕಲಿತ ಶಾಲೆಗೆ ದೇಣಿಗೆ ಕೊಡಿ, ಬೇಡವೆನ್ನುವುದಿಲ್ಲ. ಜೊತೆಗೆ ಸಮಿತಿಯ ಅಧ್ಯಕ್ಷರನ್ನು ಕೂರಿಸಿಕೊಂಡು ಮೂರು ಮಾತು ಕೇಳಿ. ಈ ವರ್ಷದ ಅನುದಾನ ಎಷ್ಟು ಬಂತು, ಯಾವ ತಿಂಗಳಲ್ಲಿ ಬಂತು, ಎಷ್ಟು ಹುದ್ದೆ ಎಂದಿನಿಂದ ಖಾಲಿ ಇವೆ. ಸಿಕ್ಕ ಉತ್ತರವನ್ನು ನಿಮ್ಮ ಶಾಸಕರಿಗೆ ಬರೆಯಿರಿ, ಒಂದು ಪ್ರತಿ ನಮಗೂ ಕಳಿಸಿ. ಬಂದ ಪತ್ರಗಳನ್ನು ಊರಿನ ಹೆಸರಿನೊಂದಿಗೆ ಮುಂದಿನ ಸಂಚಿಕೆಯಿಂದ ಪ್ರಕಟಿಸುತ್ತೇವೆ.