ಮನೆಯ ಗುಟ್ಟಿಗೊಂದು ಜಗಲಿ

ತಂದೆಯವರ ವೈಕುಂಠ ಸಮಾರಾಧನೆಯ ದಿನ ಬಂಧುಗಳೆಲ್ಲ ಅವರ ಗುಣಗಾನ ಮಾಡುತ್ತಿದ್ದರು. ಪ್ರಾಮಾಣಿಕ ನೌಕರ, ಶಿಸ್ತಿನ ಮನುಷ್ಯ, ಕಷ್ಟದಲ್ಲಿದ್ದವರಿಗೆ ಉಪಕಾರಿ. ಎಲ್ಲವೂ ನಿಜ. ಆದರೆ ಸಂಜೆ ಅವರ ಸೈಕಲ್ಲಿನ ಗಂಟೆ ಕೇಳಿದೊಡನೆ ನಾನೂ ತಂಗಿಯೂ ಅಡುಗೆಮನೆಯ ಬಾಗಿಲ ಹಿಂದೆ ಅಡಗುತ್ತಿದ್ದುದೂ ಅಷ್ಟೇ ನಿಜ. ಐವತ್ತಾರರ ಈ ವಯಸ್ಸಿನಲ್ಲೂ ಯಾರಾದರೂ ದನಿಯೇರಿಸಿದರೆ ನನ್ನ ಅಂಗೈ ಬೆವರುತ್ತದೆ. ಅದಕ್ಕಿಂತ ನೋವಿನ ಸಂಗತಿಯೆಂದರೆ, ಒಮ್ಮೆ ಮಗಳು ಅಂಕಪಟ್ಟಿ ಹಿಡಿದು ನನ್ನೆದುರು ನಿಂತಾಗ ಅವಳ ಕಣ್ಣಿನಲ್ಲಿ ಅದೇ ಬಾಗಿಲ ಹಿಂದಿನ ಭಯವನ್ನು ಕಂಡೆ.

ಇದನ್ನು ಮೊದಲ ಬಾರಿಗೆ ಹೇಳಿಕೊಂಡದ್ದು ಹಳೆಯ ಸಹೋದ್ಯೋಗಿಯೊಬ್ಬರಲ್ಲಿ. ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, ತಮ್ಮ ತಂದೆಯ ಕುಡಿತದ ಕಥೆ ಹೇಳಿದರು. ಇಪ್ಪತ್ತು ವರ್ಷ ಒಂದೇ ಕಚೇರಿಯಲ್ಲಿ ಊಟದ ಡಬ್ಬಿ ಹಂಚಿಕೊಂಡಿದ್ದ ನಾವು ಈ ಒಂದನ್ನು ಮಾತ್ರ ಹಂಚಿಕೊಂಡಿರಲಿಲ್ಲ. ಹಾಗೆ ಇಬ್ಬರಿಂದ ಆರಂಭವಾದ ನಮ್ಮ ಓದಿನ ಬಳಗದಲ್ಲಿ ಈಗ ಆರು ಮಂದಿ ಇದ್ದೇವೆ. ಭಾನುವಾರ ಸಂಜೆ ಒಂದೂವರೆ ಗಂಟೆ ಜಯನಗರದ ಒಂದು ಮನೆಯ ಜಗಲಿಯಲ್ಲಿ ಕೂರುತ್ತೇವೆ. ಇಂತಹ ಬಳಗಗಳು ನಮ್ಮ ಬಡಾವಣೆಗಳಲ್ಲಿ ಇನ್ನಷ್ಟು ಹುಟ್ಟಬೇಕೆಂಬುದು ಈ ಬರಹದ ಆಶಯ.

ಬಾಲ್ಯದ ಗಾಯ ಬರಿಯ ಭಾವುಕತೆಯ ಮಾತಲ್ಲ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಫೆಲಿಟ್ಟಿ ಮತ್ತು ಆಂಡಾ ಎಂಬ ವೈದ್ಯರು 17 ಸಾವಿರಕ್ಕೂ ಹೆಚ್ಚು ವಯಸ್ಕರ ಬಾಲ್ಯಾನುಭವಗಳನ್ನು ವಿಚಾರಿಸಿದರು. 1998ರಲ್ಲಿ ಪ್ರಕಟವಾದ ಮೊದಲ ವರದಿಯ ಪ್ರಕಾರ, ನಾಲ್ಕು ಅಥವಾ ಹೆಚ್ಚು ಬಗೆಯ ಕಹಿಯನ್ನು ಉಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯಾ ಯತ್ನಗಳ ಅಪಾಯ ಅಂತಹ ಯಾವ ಕಹಿಯನ್ನೂ ಉಣ್ಣದವರಿಗಿಂತ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು. ನಮ್ಮಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಹೊರತಂದ ಅಧ್ಯಯನವು, ಮೂವರು ಮಕ್ಕಳಲ್ಲಿ ಇಬ್ಬರು ಹೊಡೆತ ತಿಂದವರೆಂದು ತಿಳಿಸಿತು. ಕುಟುಂಬದೊಳಗೆ ಹೊಡೆತ ತಿಂದವರ ಪೈಕಿ ಶೇ 88ಕ್ಕೂ ಹೆಚ್ಚು ಮಕ್ಕಳನ್ನು ಹೊಡೆದವರು ಹೆತ್ತವರೇ.

ಇಂಥವರೆಲ್ಲ ವೈದ್ಯರ ಬಳಿ ಹೋಗಬಾರದೇ ಎಂದು ಕೇಳಬಹುದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ವಿವಿಧ ಮಾನಸಿಕ ಸಮಸ್ಯೆಗಳಿಗೆ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ 70ರಿಂದ 92. ಅಲ್ಲದೆ, ಎಲ್ಲ ನೋವೂ ರೋಗವಲ್ಲ. ಕೆಲವಕ್ಕೆ ಬೇಕಾದದ್ದು ಕೇಳುವ ಕಿವಿ. ಸಮಾನ ದುಃಖಿಗಳು ಪರಸ್ಪರ ಆಸರೆಯಾಗುವ ಮಾರ್ಗವೂ ಹೊಸದಲ್ಲ. ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. 1951ರಲ್ಲಿ ಕುಡುಕರ ಮನೆಯವರಿಗಾಗಿ ಆಲ್-ಅನಾನ್ ರೂಪುಗೊಂಡಿತು. 1970ರ ದಶಕದ ಕೊನೆಗೆ, ಕುಡುಕರ ಮನೆಯಲ್ಲಿ ಬೆಳೆದು ದೊಡ್ಡವರಾದವರೂ ತಮ್ಮದೇ ಕೂಟ ಕಟ್ಟಿಕೊಂಡರು.

ನಮ್ಮ ಕ್ರಮ ಸರಳ. ಒಂದು ಪುಸ್ತಕ, ವಾರಕ್ಕೊಂದು ಅಧ್ಯಾಯ. ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳಿಂದ ಆರಂಭಿಸಿದೆವು. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಬಳಿಕ ಪ್ರತಿಯೊಬ್ಬರೂ ಅದು ತಮ್ಮ ಬದುಕನ್ನು ಎಲ್ಲಿ ತಾಕಿತೆಂದು ಹೇಳುತ್ತಾರೆ. ಹೇಳಲು ಮನಸ್ಸಿಲ್ಲದವರು ಸುಮ್ಮನಿರಬಹುದು. ಪುಸ್ತಕ ನಡುವೆ ಇರುವುದರಿಂದ ಯಾರೂ ಗುರುವಾಗುವುದಿಲ್ಲ, ಯಾರೂ ರೋಗಿಯಾಗುವುದಿಲ್ಲ. ಸಭೆ ನಡೆಸುವ ಹೊಣೆ ಸರದಿಯ ಮೇಲೆ ಎಲ್ಲರದು. ಆಡಿದ ಮಾತು ಜಗಲಿ ದಾಟುವಂತಿಲ್ಲ.

ಉಪದೇಶ ಸಲ್ಲದೆಂಬ ನಿಯಮವನ್ನು ಮಾತ್ರ ನಾವು ಪೆಟ್ಟು ತಿಂದು ಕಲಿತೆವು. ಮೂರನೆಯ ವಾರ ಸದಸ್ಯರೊಬ್ಬರು ತಮ್ಮ ತಾಯಿಯ ಕ್ರೌರ್ಯವನ್ನು ಹೇಳುತ್ತಿದ್ದಾಗ, ‘ಎಷ್ಟಾದರೂ ಹೆತ್ತ ತಾಯಿ, ಕ್ಷಮಿಸಿಬಿಡಿ’ ಎಂದುಬಿಟ್ಟೆ. ಮರುವಾರ ಅವರು ಬರಲಿಲ್ಲ. ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ‘ಚಿಕ್ಕಂದಿನಿಂದ ಎಲ್ಲರೂ ನನಗೆ ಹೇಳಿದ್ದು ಅದನ್ನೇ ಸ್ವಾಮಿ. ಅದು ಕೇಳಬೇಕಿಲ್ಲದ ಜಾಗ ಇದೊಂದಾದರೂ ಆದೀತೆಂದುಕೊಂಡಿದ್ದೆ’ ಎಂದರು. ಒಂದು ತಿಂಗಳ ನಂತರ ಮರಳಿ ಬಂದರು. ಆ ಮಾತನ್ನು ನಾನಿನ್ನೂ ಮರೆತಿಲ್ಲ.

ಇಂತಹ ಬಳಗಕ್ಕೆ ಮಿತಿಗಳೂ ಉಂಟು. ನಾವು ವೈದ್ಯರಲ್ಲ. ಸಾವಿನ ಯೋಚನೆ ಬರುತ್ತಿರುವವರನ್ನು, ನಿದ್ರೆ ಕೆಟ್ಟು ದಿನಚರಿ ನಿಂತುಹೋದವರನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಎಲ್ಲರ ಬಳಿಯೂ ಇರಬೇಕು. ಗೋಪ್ಯತೆಗೂ ಮೇರೆಯಿದೆ: ಯಾವುದೇ ಮಗು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯಂತೆ ಕಡ್ಡಾಯ. ಇದನ್ನು ಮೊದಲ ದಿನವೇ ಎಲ್ಲರಿಗೂ ಸ್ಪಷ್ಟಪಡಿಸಬೇಕು.

ಮಾತಾಪಿತೃಗಳನ್ನು ದೇವರೆಂದು ಪೂಜಿಸುವ ನಾಡಿನಲ್ಲಿ ಇದು ಹೆತ್ತವರನ್ನು ದೂರುವ ಕೂಟವಲ್ಲವೇ ಎಂಬ ಆಕ್ಷೇಪ ಬರುತ್ತದೆ. ನನ್ನ ತಂಗಿಯೇ ಹಾಗೆ ಕೇಳಿದಳು. ನನ್ನ ಅನುಭವ ಬೇರೆ. ನೋವನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ, ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು ಪರರ ಮನೆಯಲ್ಲಿ ಅನ್ನಕ್ಕೆ ಬಿದ್ದಿದ್ದ ಹುಡುಗನಾಗಿ ನನ್ನ ತಂದೆ ನನಗೆ ಕಾಣಿಸಿದ್ದು. ಅವರು ಮಾಡಿದ್ದು ಸರಿಯೆಂದು ಅದರಿಂದ ಆಗುವುದಿಲ್ಲ. ಆದರೆ ದೇವರೂ ಅಲ್ಲದ, ರಾಕ್ಷಸನೂ ಅಲ್ಲದ ಒಬ್ಬ ಮನುಷ್ಯನಿಗಾಗಿ ದುಃಖಿಸಲು ಸಾಧ್ಯವಾಯಿತು.

ಈ ಓದಿನ ನಿಜವಾದ ಪರೀಕ್ಷೆ ಇರುವುದು ಹಿಂದಿನ ತಲೆಮಾರಿನಲ್ಲಲ್ಲ, ಮುಂದಿನದರಲ್ಲಿ. ಕಳೆದ ತಿಂಗಳು ಮಗಳ ಮುಂದೆ ಕುಳಿತು, ‘ನಿನ್ನನ್ನು ಹೆದರಿಸಿ ಬೆಳೆಸಿದೆ, ತಪ್ಪಾಯಿತು’ ಎಂದೆ. ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ‘ಯೋಚಿಸಿ ಹೇಳುತ್ತೇನೆ ಅಪ್ಪ’ ಎಂದಳು. ನನ್ನ ತಂದೆಗೆ ಹಾಗೆ ಉತ್ತರಿಸುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ. ಅವಳಿಗೆ ಬಂದಿದೆ.