ಎರಡು ದಿನದ ಪ್ರವಾಸ, ಒಂದು ಹೊತ್ತಿನ ಊಟ

ವಾರದ ಕೆಲಸ ಮುಗಿಸಿ ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತಿ, ಬೆಳಗಾಗುವ ಹೊತ್ತಿಗೆ ಧಾರವಾಡದಲ್ಲಿ ಇಳಿದು, ಎರಡು ದಿನ ಅಲ್ಲಿ ಸುತ್ತಾಡಿ ಭಾನುವಾರ ರಾತ್ರಿಯ ಗಾಡಿಯಲ್ಲಿ ಹಿಂತಿರುಗುವ ಪರಿಪಾಠವು ಈಚೆಗೆ ನಮ್ಮಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿಯೇ ಸರಿ. ಒಂದು ಊರನ್ನು ಅದರ ಆಹಾರದ ಮೂಲಕ ಅರಿಯಬೇಕೆಂಬ ಹಂಬಲ ಇಂಥ ಪ್ರವಾಸಿಗರಲ್ಲಿ ಅನೇಕರಿಗಿದೆ. ಆದರೆ ಅದನ್ನು ತೀರಿಸಿಕೊಳ್ಳುವ ಕ್ರಮದಲ್ಲಿ ಒಂದು ದೋಷ ನುಸುಳಿದೆಯೆಂದು ನನಗೆ ತೋರುತ್ತದೆ. ಬೆಳಗ್ಗೆ ಒಂದು ಕಡೆ ಒಗ್ಗರಣೆ ಅವಲಕ್ಕಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಕಡೆ ಗಿರಮಿಟ್ಟು-ಮಿರ್ಚಿ, ಅದು ಅರಗುವ ಮೊದಲೇ ಪೇಡೆ, ಹೀಗೆ ಮೊದಲೇ ಬರೆದುಕೊಂಡು ಬಂದ ಪಟ್ಟಿಯನ್ನು ಹಿಡಿದು ನಡೆಯುವವನು ಸಂಜೆಯೊಳಗಾಗಿ ಹತ್ತು ತಿನಿಸುಗಳ ರುಚಿ ನೋಡಿರುತ್ತಾನೆ. ಊಟವನ್ನು ಮಾತ್ರ ಮಾಡಿರುವುದಿಲ್ಲ. ರುಚಿ ನೋಡುವುದು ಬೇರೆ, ಉಣ್ಣುವುದು ಬೇರೆ. ಈ ಭೇದವನ್ನು ನಾವು ಮರೆಯುತ್ತಿದ್ದೇವೆ.

ಹೆಸರಾದ ತಿನಿಸನ್ನು ತಿನ್ನಬಾರದೆಂಬುದು ನನ್ನ ಅಭಿಪ್ರಾಯವಲ್ಲ. ಉತ್ತರಪ್ರದೇಶದ ಉನ್ನಾವದಿಂದ ಬಂದು ಧಾರವಾಡದಲ್ಲಿ ನೆಲೆನಿಂತ ಠಾಕೂರ ಮನೆತನದ ಕೈಯಲ್ಲಿ ಬೆಳೆದು, ಕಡೆಗೆ ಆ ಊರಿನ ಹೆಸರನ್ನೇ ಹೊತ್ತು, ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದ ಪೇಡೆ ಸಾಮಾನ್ಯ ವಸ್ತುವಲ್ಲ. ಖೋವಾವನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಹುರಿದು ಕಂದುಬಣ್ಣಕ್ಕೆ ತಂದು, ಸಕ್ಕರೆಯ ಪುಡಿಯಲ್ಲಿ ಹೊರಳಿಸಿದ ಆ ಸಿಹಿಯಲ್ಲಿ ಬಹುಕಾಲದ ತಾಳ್ಮೆ ಅಡಗಿದೆ. ಆದರೆ ಪೇಡೆಯನ್ನು ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ತಂದರೂ ಅದು ಪೇಡೆಯೇ. ತವೆಯಿಂದ ಆಗತಾನೆ ಇಳಿದ ಬಿಸಿ ಜೋಳದ ರೊಟ್ಟಿ ಹಾಗಲ್ಲ. ಅದನ್ನು ಉಣ್ಣಬೇಕಾದವನು ಒಲೆಯ ಬಳಿಗೇ ಹೋಗಬೇಕು. ಎರಡು ದಿನದ ಪ್ರವಾಸಕ್ಕೆ ಅರ್ಥವಿರುವುದು ಇಂಥ ವಸ್ತುಗಳಿಂದ.

ಕಳೆದ ಚಳಿಗಾಲದಲ್ಲಿ ಅಲ್ಲಿಗೆ ಹೋದಾಗ ಶನಿವಾರದ ಮಧ್ಯಾಹ್ನವನ್ನು ನಾನು ಒಂದು ಚಿಕ್ಕ ಖಾನಾವಳಿಗೆ ಮೀಸಲಿಟ್ಟಿದ್ದೆ. ಒಳಗೆ ಕಾಲಿಡುವ ಮೊದಲೇ ರೊಟ್ಟಿ ಬಡಿಯುವ ಸಪ್ಪಳ ಕಿವಿಗೆ ಬಿತ್ತು. ಒಲೆಯ ಮುಂದೆ ಕುಳಿತಿದ್ದ ಹೆಂಗಸು ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು ಕಲಸಿ, ಅಂಗೈಯಿಂದ ಒತ್ತಿ ಒತ್ತಿ ನಾದಿ, ಮುಷ್ಟಿಗಾತ್ರದ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯತೊಡಗಿದಳು. ಒಂದೊಂದು ಪೆಟ್ಟಿಗೂ ರೊಟ್ಟಿ ಕೊಂಚ ಕೊಂಚ ತಿರುಗುತ್ತ ಹಿಗ್ಗುತ್ತ ಬಂದಿತು. ತವೆಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಿ, ಕಡೆಗೆ ಕೆಂಡದ ಮಗ್ಗುಲಿಗೆ ಒಡ್ಡಿದಾಗ ಅದು ಉಬ್ಬಿ ನಿಂತಿತು.

“ಅಕ್ಕಾರ, ತಣ್ಣೀರಲ್ಲಿ ಕಲಸಿದರೆ ಆಗುವುದಿಲ್ಲವೆ?” ಎಂದು ಕೇಳಿದೆ.

“ಆಗೂದಿಲ್ರೀ ಅಣ್ಣಾರ. ಎಸರು ಹಾಕದಿದ್ರ ಹಿಟ್ಟಿಗೆ ಜಿಗಿ ಬರೂದಿಲ್ಲ, ಬಡಿಯೂವಾಗ ಅಂಚು ಒಡೀತಾವ. ನೀವು ಮೊದಲ ಉಣ್ರಿ, ಬಿಸಿ ಐತಿ.”

ಗೋಧಿಗೆ ಸಹಜವಾಗಿರುವ ಅಂಟು ಜೋಳಕ್ಕಿಲ್ಲ. ಕುದಿನೀರಿನಲ್ಲಿ ಹಿಟ್ಟಿನ ಪಿಷ್ಟವು ಅರೆಬೆಂದು ಅದಕ್ಕೆ ಆ ಗುಣ ಒದಗುತ್ತದೆ. ಶಾಸ್ತ್ರವು ವಿವರಿಸುವ ಈ ಸಂಗತಿಯನ್ನು ಆಕೆಯ ಕೈ ಎಂದಿನಿಂದಲೂ ಬಲ್ಲದು.

ತಟ್ಟೆಯಲ್ಲಿ ಶೇಂಗಾ, ಗುರೆಳ್ಳು, ಹುಣಸೆ, ಬೆಲ್ಲಗಳ ಮಸಾಲೆ ತುಂಬಿದ ಎಣ್ಣೆಗಾಯಿ, ಮೊಳಕೆ ಹೆಸರಿನ ಪಲ್ಯ, ಅಗಸಿ ಚಟ್ನಿಪುಡಿಯ ಮೇಲೆ ಒಂದು ಚಮಚೆ ಎಣ್ಣೆ, ಗಟ್ಟಿ ಮೊಸರು, ಬದಿಯಲ್ಲಿ ಹಸಿ ಉಳ್ಳಾಗಡ್ಡಿ ಮತ್ತು ಮೆಂತ್ಯದ ಸೊಪ್ಪು ಇದ್ದವು. ರೊಟ್ಟಿ ಮುಗಿದ ಬಳಿಕ ಅನ್ನ-ಸಾರು ಬಂದಿತು. ಈ ಕ್ರಮ ಆಕಸ್ಮಿಕವಲ್ಲ. ಧಾರವಾಡವಿರುವುದು ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ಎಡೆಯಲ್ಲಿ: ತೆಂಕಲಲ್ಲಿ ಕಲಘಟಗಿಯ ಕಡೆ ಬತ್ತ, ಮೂಡಲಲ್ಲಿ ನವಲಗುಂದದ ಕಡೆ ಎರೆಭೂಮಿ. ಆ ಕರಿಯ ಮಣ್ಣು ಮಳೆಯ ತೇವವನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ, ಮಳೆಗಾಲ ಹಿಂದಾಗುವ ಹೊತ್ತಿಗೆ ಬಿತ್ತಿದ ಹಿಂಗಾರಿ ಬಿಳಿಜೋಳ ಬಹುಮಟ್ಟಿಗೆ ಆ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ತೆನೆಗೂಡುತ್ತದೆ. ರೊಟ್ಟಿಯ ಹಿಂದೆಯೇ ಅನ್ನ ಬರುವಲ್ಲಿ ಈ ಎರಡು ನೆಲಗಳೂ ಒಂದೇ ಪಂಕ್ತಿಯಲ್ಲಿ ಸೇರಿದಂತಾಯಿತು. ಹತ್ತು ಅಂಗಡಿಗಳಲ್ಲಿ ಹತ್ತು ತುಣುಕು ತಿಂದವನಿಗೆ ಈ ಕ್ರಮ ಕಾಣಿಸುವುದಾದರೂ ಹೇಗೆ?

ಅಂದು ನನ್ನ ಪಕ್ಕದ ಮೇಜಿಗೆ ಪ್ರವಾಸಿಗರ ಒಂದು ತಂಡ ಬಂದಿತು. ಒಂದು ಊಟ ತರಿಸಿ, ಐದು ಮಂದಿ ಒಂದೊಂದು ಚೂರು ಮುರಿದು ಬಾಯಿಗಿಟ್ಟು, ಚಿತ್ರ ತೆಗೆದುಕೊಂಡು, ಮುಂದಿನ ಅಂಗಡಿಗೆ ಹೊತ್ತಾಯಿತೆಂದು ಎದ್ದರು. ಮುಕ್ಕಾಲು ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಅವರು ದುಷ್ಟರಲ್ಲ, ಅವರಿಗೆ ಅವಕಾಶವಿರಲಿಲ್ಲ, ಅಷ್ಟೆ. ಆದರೆ ಆ ಉಳಿದ ರೊಟ್ಟಿಯನ್ನು ಒಲೆಯ ಮುಂದಿನ ಹೆಂಗಸು ನೋಡಿದಳು, ನಾನೂ ನೋಡಿದೆ. ಅದನ್ನು ನೆನೆದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ.

ಇದು ಬರಿಯ ಶಿಷ್ಟಾಚಾರದ ಪ್ರಶ್ನೆಯಲ್ಲ. ಖಾನಾವಳಿ ನಡೆಯುವುದು ಗಿರಾಕಿಯ ಅಪೇಕ್ಷೆಯಿಂದ. ಬಂದವರೆಲ್ಲ ಎಲ್ಲೆಡೆ ದೊರೆಯುವ ಪನೀರಿನ ಪಲ್ಯವನ್ನೇ ಕೇಳಿದರೆ ಗುರೆಳ್ಳನ್ನು ಹುರಿದು ಕುಟ್ಟುವವರು ಯಾರು? ಬಿಸಿರೊಟ್ಟಿಗೆ ಕಾಯುವವರಿಲ್ಲದಿದ್ದರೆ, ಬೇಸಿಗೆಯ ಹಗಲಿನಲ್ಲೂ ಉರಿಯ ಮುಂದೆ ಕುಳಿತು ರೊಟ್ಟಿ ಬಡಿಯುವ ವಿದ್ಯೆಯನ್ನು ಮಗಳಿಗೆ ಯಾವ ತಾಯಿ ಕಲಿಸಿಯಾಳು? ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಸಾರಿದಾಗ ಜೋಳದ ಹಿರಿಮೆಯನ್ನು ಕುರಿತು ಎಷ್ಟೋ ಭಾಷಣಗಳಾದವು. ಭಾಷಣಕ್ಕಿಂತಲೂ ಜೋಳಕ್ಕೆ ಬೇಕಾದುದು ಕುಳಿತು ಉಣ್ಣುವ ಜನ.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೆ. ಧಾರವಾಡಕ್ಕಾಗಲಿ ಮಂಗಳೂರಿಗಾಗಲಿ ಮಡಿಕೇರಿಗಾಗಲಿ ಎರಡು ದಿನಕ್ಕೆ ಹೋಗುವವರು ಒಂದು ಹೊತ್ತನ್ನಾದರೂ ಪಟ್ಟಿಯಿಂದ ಬಿಡಿಸಿಟ್ಟು, ಊರವರು ಉಣ್ಣುವ ಹೊತ್ತಿಗೆ, ಊರವರು ಉಣ್ಣುವಲ್ಲಿ, ಅವರು ಬಡಿಸುವ ಕ್ರಮದಲ್ಲಿ ಉಣ್ಣಬೇಕು. ಇವತ್ತಿನ ಪಲ್ಯ ಏನೆಂದು ಕೇಳಬೇಕು. ಅದೇ ಇರಲಿ ಎನ್ನಬೇಕು. ಬೆಲೆಯಲ್ಲಿ ಚೌಕಾಸಿ ಮಾಡಬಾರದು. ಅಂದು ನಾನು ಕೈ ತೊಳೆದು ಹೊರಡುವಾಗ ಆಕೆ ತಲೆಯೆತ್ತಿ, “ಇನ್ನೊಂದ್ ರೊಟ್ಟಿ ಬ್ಯಾಡೇನ್ರೀ?” ಎಂದಳು. ಹೊಟ್ಟೆ ತುಂಬಿತ್ತು. ಆದರೂ ಮರಳಿ ಬಂದು ಕುಳಿತೆ. ಅರ್ಧ ರೊಟ್ಟಿ ಹಾಕಿಸಿಕೊಂಡು, ಮೊಸರಿನಲ್ಲಿ ಅದ್ದಿ, ತಟ್ಟೆಯಲ್ಲಿ ಏನೂ ಉಳಿಯದಂತೆ ಉಂಡು ಎದ್ದೆ.