ಜೋಡಿ ತರುವ ಮೊದಲು ಲೆಕ್ಕ ಹಾಕಿ

ಡಿಗ್ರಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಮನೆಯಲ್ಲಿರುವ ಹುಡುಗ ತಾರಸಿಯ ಮೇಲೆ ಪಾರಿವಾಳ ಸಾಕಿದರೆ ಬೀದಿಯಲ್ಲಿ ಏನೇನು ಮಾತು ಬರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ‘ಕೆಲ್ಸ ಹುಡ್ಕೋದು ಬಿಟ್ಟು ಹಕ್ಕಿ ಹಾರಿಸ್ಕೊಂಡು ಕೂತವ್ನೆ’ ಎನ್ನುವುದು ಅವುಗಳಲ್ಲಿ ಮೆತ್ತಗಿನ ಮಾತು. ಪೋಲಿ ಹುಡುಗರು, ಬಾಜಿ, ಜಗಳ ಎಂಬ ಹೆಸರು ಈ ಹವ್ಯಾಸಕ್ಕೆ ಮೊದಲಿನಿಂದಲೂ ಅಂಟಿಕೊಂಡಿದೆ. ಇನ್ನೊಂದು ಕಡೆ ಮೊಬೈಲ್ ತೆರೆದರೆ ‘ಎರಡು ಜೋಡಿಯಿಂದ ಶುರು ಮಾಡಿ, ಮನೆಯಲ್ಲೇ ಕೂತು ಸಂಪಾದಿಸಿ’ ಎನ್ನುವ ವಿಡಿಯೊಗಳು. ಆರು ಜೋಡಿ ಸಾಕಿರುವ ನಾನು ಈ ಎರಡೂ ಮಾತನ್ನು ಒಪ್ಪುವುದಿಲ್ಲ. ಪಾರಿವಾಳ ಸಾಕುವುದು ಒಳ್ಳೆಯ ಹವ್ಯಾಸ. ಆದರೆ ಮರಿ ಮಾಡಿಸುವುದನ್ನು ಕಲಿಯುವ ಮೊದಲು ಮರಿ ತಡೆಯುವುದನ್ನು ಕಲಿಯಬೇಕು. ಅದರಲ್ಲೂ ನಮ್ಮಂಥ ಕೆಲಸ ಹುಡುಕುವವರು.

ಪೋಲಿಗಳ ಹವ್ಯಾಸ ಎನ್ನುವವರಿಗೆ ಮೊದಲು ಉತ್ತರ ಹೇಳುತ್ತೇನೆ. ಅಕ್ಬರನ ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದವು ಎಂದು ಅಬುಲ್ ಫಜಲ್ ಬರೆದಿದ್ದಾನೆ. ಚಾರ್ಲ್ಸ್ ಡಾರ್ವಿನ್ ಮನೆಯಲ್ಲಿ ಬಗೆಬಗೆಯ ತಳಿಗಳನ್ನು ಸಾಕಿ, ಲಂಡನ್ನಿನ ಎರಡು ಪಾರಿವಾಳ ಕ್ಲಬ್‌ಗಳಿಗೆ ಸದಸ್ಯನಾಗಿದ್ದ. 1859ರಲ್ಲಿ ಬಂದ ಅವನ ‘ಆನ್ ದಿ ಒರಿಜಿನ್ ಆಫ್ ಸ್ಪೀಸೀಸ್’ ಪುಸ್ತಕದ ಮೊದಲ ಅಧ್ಯಾಯದಲ್ಲೇ ಪಾರಿವಾಳಗಳ ಮಾತಿದೆ. ಒಡಿಶಾ ಪೊಲೀಸರು 1946ರಲ್ಲಿ ಕೋರಾಪುಟ್‌ನಲ್ಲಿ ಪಾರಿವಾಳ ಸೇವೆ ಶುರು ಮಾಡಿ, ಹೋಮರ್ ಹಕ್ಕಿಗಳ ಕಾಲಿಗೆ ಚೀಟಿ ಕಟ್ಟಿ ದೂರದ ಠಾಣೆಗಳ ಜೊತೆ ಸಂಪರ್ಕ ಇಟ್ಟುಕೊಂಡಿದ್ದರು. ಹೆಸರು ಕೆಡಿಸಿದ್ದು ಹಕ್ಕಿಯಲ್ಲ, ಅದರ ಮೇಲೆ ದುಡ್ಡು ಕಟ್ಟುವವರು.

ಇನ್ನು ವಿಡಿಯೊಗಳ ಮಾತು. ಹೆಣ್ಣು ಒಂದು ಸಲಕ್ಕೆ ಎರಡು ಮೊಟ್ಟೆ ಇಡುತ್ತದೆ. ಬೆಳಗ್ಗೆಯಿಂದ ಇಳಿಹೊತ್ತಿನವರೆಗೆ ಸಾಮಾನ್ಯವಾಗಿ ಗಂಡು ಕಾವು ಕೊಟ್ಟರೆ, ಸಂಜೆ ಮತ್ತು ರಾತ್ರಿ ಹೆಣ್ಣಿನ ಪಾಳಿ. ಸುಮಾರು 18 ದಿನಕ್ಕೆ ಮರಿ ಹೊರಬರುತ್ತದೆ. ಮೊದಲ ದಿನಗಳಲ್ಲಿ ಅಪ್ಪ ಅಮ್ಮ ಇಬ್ಬರ ಗಂಟಲ ಚೀಲದಲ್ಲೂ ಹಾಲಿನಂಥ ಆಹಾರ ತಯಾರಾಗುತ್ತದೆ, ಮರಿ ಅದನ್ನೇ ಕುಡಿದು ಬೆಳೆಯುತ್ತದೆ. ನಾಲ್ಕೈದು ವಾರಕ್ಕೆ ಗೂಡು ಬಿಡುತ್ತದೆ, ಆರು ತಿಂಗಳ ಹೊತ್ತಿಗೆ ತಾನೇ ಜೋಡಿ ಕಟ್ಟುತ್ತದೆ. ಅಷ್ಟರಲ್ಲಿ ಅದರ ಅಮ್ಮ ಮತ್ತೆ ಮೊಟ್ಟೆ ಇಟ್ಟಿರುತ್ತದೆ.

ಈಗ ಲೆಕ್ಕ ಹಾಕಿ. ವರ್ಷಕ್ಕೆ ಐದು ಸಲ ಎಂದುಕೊಂಡರೂ ನನ್ನ ಆರು ಜೋಡಿಯಿಂದ 60 ಮರಿ. ಹಳೆಯವನ್ನೂ ಸೇರಿಸಿದರೆ 72 ಹಕ್ಕಿ. ಒಂದು ಹಕ್ಕಿಗೆ ದಿನಕ್ಕೆ 35 ಗ್ರಾಂ ಕಾಳು ಎಂದು ಹಿಡಿದರೆ ದಿನಕ್ಕೆ ಎರಡೂವರೆ ಕಿಲೊ, ತಿಂಗಳಿಗೆ 75 ಕಿಲೊ ಜೋಳ, ಸಜ್ಜೆ, ಗೋಧಿ, ಹೆಸರುಕಾಳು. ಕೊಳ್ಳುವವರೇ ಇಲ್ಲವೆಂದಲ್ಲ. ಒಳ್ಳೆಯ ತಳಿಯ ಹೋಮರ್‌ಗೋ ಬಾಲ ಬಿಚ್ಚುವ ಲಕ್ಕಾಗೋ ಬೆಲೆ ಇದೆ. ಆದರೆ ನಮ್ಮ ಹತ್ತಿರ ಮರಿ ಹೆಚ್ಚಾದಾಗ ಪಕ್ಕದ ಬೀದಿಯವನ ಹತ್ತಿರವೂ ಹೆಚ್ಚಾಗಿರುತ್ತದೆ. ಸಾಧಾರಣ ಹಕ್ಕಿಯನ್ನು ಆಗ ಬಿಟ್ಟಿ ಕೊಟ್ಟರೂ ಕೈ ಚಾಚುವವರಿಲ್ಲ.

ನನ್ನ ಗೆಳೆಯನೊಬ್ಬನ ಎರಡು ಜೋಡಿ ಎರಡು ವರ್ಷದೊಳಗೆ ನಲವತ್ತು ಹಕ್ಕಿಯಾಗಿತ್ತು. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಮಂಡಿ ನೋವಿನ ಅಮ್ಮ ದಿನಾ ಮೆಟ್ಟಿಲು ಹತ್ತಲಾರರು. ಒಂದಷ್ಟು ಹಕ್ಕಿಯನ್ನು ಪಕ್ಕದೂರಿನವರಿಗೆ ಕೊಟ್ಟು, ಗೂಡು ಬಿಚ್ಚಿಸಿದ. ಮೂರನೇ ದಿನ ಅವುಗಳಲ್ಲಿ ಹತ್ತಾರು ಹಕ್ಕಿ ವಾಪಸ್ ಬಂದು, ಗೂಡಿದ್ದ ಜಾಗದಲ್ಲಿ ಬರೀ ಸಿಮೆಂಟಿನ ಮೇಲೆ ಕೂತಿದ್ದವು. ಸಾಕಿದ ಪಾರಿವಾಳ ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು. ನಮಗೋ ಮುಂದಿನ ಆರು ತಿಂಗಳಿಗೆ ಯಾವ ಊರಿನಲ್ಲಿ ಇರುತ್ತೇವೆ ಎಂಬುದೇ ತಿಳಿಯದು. ಹಾಗಾಗಿ ನಾವಿಲ್ಲದಾಗ ಮನೆಯವರು ನೋಡಿಕೊಳ್ಳಬಲ್ಲಷ್ಟೇ ಹಕ್ಕಿ ಇರಬೇಕು. ನನ್ನ ಆರು ಜೋಡಿ ತಂಗಿಯನ್ನು ಕೇಳಿಯೇ ಗೊತ್ತು ಮಾಡಿದ್ದು.

ಎರಡನೆಯದು ಉಸಿರಾಟದ ವಿಷಯ. ಪಾರಿವಾಳದ ಒಣಗಿದ ಹಿಕ್ಕೆ ಮತ್ತು ಪುಕ್ಕದ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಕೆಲವರಿಗೆ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಆಗುತ್ತದೆ, ಗಮನಿಸದೆ ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿಬಿಡುತ್ತದೆ. 2025ರಲ್ಲಿ ಮುಂಬೈಯ ಕಬೂತರ್‌ಖಾನೆಗಳನ್ನು ಮುಚ್ಚಲು ಹೊರಟಾಗ ಎದ್ದ ಗಲಾಟೆಯ ಹಿಂದೆ ಇದ್ದದ್ದೂ ಇದೇ ಭಯ. ನಮ್ಮ ಪಕ್ಕದ ಮನೆಯ ಅಜ್ಜಿಗೆ ದಮ್ಮು ಇದೆ. ಗೂಡು ಕಟ್ಟುವ ಮೊದಲೇ ಅವರ ಮನೆಗೆ ಹೋಗಿ ಕೇಳಿದೆ. ‘ಸಾಕ್ಕೋ ಕಣಪ್ಪ, ಧೂಳು ಮಾತ್ರ ನಮ್ ಕಿಟಕಿಗೆ ಬರ್ದಂಗೆ ನೋಡ್ಕೊ’ ಎಂದರು. ಹಾಗಾಗಿ ಗೂಡು ತಾರಸಿಯ ಇನ್ನೊಂದು ಮೂಲೆಯಲ್ಲಿದೆ. ಹಿಕ್ಕೆಯನ್ನು ಒಣಗಿದ ಹಾಗೇ ಗುಡಿಸುವುದಿಲ್ಲ, ನೀರು ಚಿಮುಕಿಸಿ ಕೆರೆಯುತ್ತೇನೆ. ಮಾಸ್ಕ್ ಹಾಕುತ್ತೇನೆ, ಗೂಡಿನ ಕೆಲಸಕ್ಕೆ ಬೇರೆ ಅಂಗಿ. ಹನ್ನೆರಡು ಹಕ್ಕಿ ಇರುವುದರಿಂದ ಇದೆಲ್ಲ ಬೆಳಗ್ಗೆ ಮುಕ್ಕಾಲು ಗಂಟೆಯಲ್ಲಿ ಮುಗಿದು ಓದಲು ಕೂರುತ್ತೇನೆ. ಎಪ್ಪತ್ತೆರಡಾದರೆ ಓದೂ ಇಲ್ಲ, ಅಜ್ಜಿಗೆ ನಿದ್ದೆಯೂ ಇಲ್ಲ.

ಮರಿ ತಡೆಯುವುದು ಹೇಗೆ? ಮೊಟ್ಟೆಯನ್ನು ಸುಮ್ಮನೆ ಎತ್ತಿ ಬಿಸಾಡಿದರೆ ಹೆಣ್ಣು ಕೆಲವೇ ದಿನಗಳಲ್ಲಿ ಮತ್ತೆ ಎರಡು ಇಡುತ್ತದೆ. ಮೈಯ ಸುಣ್ಣದ ಅಂಶವೆಲ್ಲ ಅದಕ್ಕೇ ಖರ್ಚಾಗಿ ಸೊರಗುತ್ತದೆ. ಅದರ ಬದಲು ಇಟ್ಟ ಒಂದೆರಡು ದಿನದಲ್ಲೇ ಮೊಟ್ಟೆ ತೆಗೆದು, ಅದೇ ಗಾತ್ರದ ಪ್ಲಾಸ್ಟಿಕ್ ಇಲ್ಲವೇ ಮರದ ಮೊಟ್ಟೆ ಇಡಬೇಕು. ಜೋಡಿ ಅದರ ಮೇಲೇ ಕೂತು, ದಿನ ಕಳೆದ ಮೇಲೆ ತಾನಾಗಿ ಎದ್ದು ಹೋಗುತ್ತದೆ. ವರ್ಷದಲ್ಲಿ ಕೆಲವು ತಿಂಗಳು, ಅದರಲ್ಲೂ ಪುಕ್ಕ ಉದುರಿಸುವ ಕಾಲದಲ್ಲಿ, ಗಂಡು ಹೆಣ್ಣನ್ನು ಬೇರೆ ಬೇರೆ ಇಟ್ಟರೆ ಎರಡಕ್ಕೂ ವಿಶ್ರಾಂತಿ. ನಾನು ಮರಿ ಮಾಡಿಸುವುದು ಸಾಕಲು ಬಲ್ಲವರು ಮೊದಲೇ ಬೇಕೆಂದು ಹೇಳಿದಾಗ ಮಾತ್ರ.

ಈ ಹವ್ಯಾಸ ನನಗೆ ದುಡ್ಡು ತಂದಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಹೆಸರಿಲ್ಲದ ದಿನವೂ ಬೆಳಗ್ಗೆ ಆರಕ್ಕೆ ಎಬ್ಬಿಸಿದೆ. ಓದುವ ವಯಸ್ಸಿನಲ್ಲಿ ಅದೇನೂ ಕಡಿಮೆಯಲ್ಲ. ನಿಮಗೂ ಆಸೆಯಿದ್ದರೆ ಖಂಡಿತ ಸಾಕಿ. ಜೋಡಿ ತರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ನಾನು ಊರು ಬಿಟ್ಟರೆ ಇವನ್ನು ನೋಡುವವರು ಯಾರು? ಮನೆಯಲ್ಲೋ ಪಕ್ಕದಲ್ಲೋ ಉಸಿರಾಟದ ತೊಂದರೆ ಇರುವವರು ಇದ್ದಾರೆಯೇ? ಎಷ್ಟಕ್ಕೆ ನಿಲ್ಲಿಸುತ್ತೇನೆ? ಮೂರಕ್ಕೂ ಉತ್ತರ ಸಿಕ್ಕರೆ ಗೂಡು ಕಟ್ಟಿ. ಜೋಡಿಯ ಜೊತೆಗೆ ನಾಲ್ಕು ಪ್ಲಾಸ್ಟಿಕ್ ಮೊಟ್ಟೆಗಳನ್ನೂ ಅದೇ ದಿನ ತನ್ನಿ.